ಹಾವೇರಿಯ ಚಳಿಗೆ ಒಂದು ಪುಟ

ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬೀದಿಗೆ ಇಳಿಯುವ ಹೊಸ ಮಕ್ಕಳು ಒಮ್ಮೊಮ್ಮೆ ರಾಣೆಬೆನ್ನೂರಿನ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾರೆ, ಯಾವ ಲೆನ್ಸ್ ಒಳ್ಳೆಯದು ಎಂದು ಕೇಳುತ್ತಾರೆ. ಚಳಿಗಾಲದ ಬೆಳಗಿನ ಬಸ್ಸಿಗೆ ಹೋಗುವಾಗ ಕಾಲಿಗೆ ಏನು ಹಾಕಿಕೊಳ್ಳುತ್ತಿದ್ದಿರಿ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳಬೇಕಾದ ಪ್ರಶ್ನೆ ಅದೇ. ನಾನು ಸೀರೆಯ ಕೆಳಗೆ ನನ್ನ ತಮ್ಮನ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೆ. ನೋಡಿದವರು ನಗುತ್ತಿದ್ದರು. ಕಾಲು ಬೆಚ್ಚಗಿದ್ದರೆ ಕೈ ನಡುಗುವುದಿಲ್ಲ, ಕೈ ನಡುಗದಿದ್ದರೆ ಚಿತ್ರ ಅಲುಗುವುದಿಲ್ಲ. ಉಳಿದ ವಿದ್ಯೆಯೆಲ್ಲ ಆಮೇಲಿನದು.

ಹಾವೇರಿ ಜಿಲ್ಲೆಯಲ್ಲಿ ಎಂಥ ಚಳಿ ಎಂದು ಮೂಗು ಮುರಿಯುವವರೂ ಇದ್ದಾರೆ. ಅಂಥವರನ್ನು ಡಿಸೆಂಬರಿನಲ್ಲಿ ನದಿಯ ಮಂಜು ಏಳುವ ಹೊತ್ತಿಗೆ ಗುತ್ತಲದ ಬಸ್ಸಿನಲ್ಲಿ, ಗಾಜು ಮುಚ್ಚದ ಕಿಟಕಿಯ ಪಕ್ಕ ಕೂರಿಸಬೇಕು. ಹಾವೇರಿ ಮುಟ್ಟುವುದರೊಳಗೆ ಮೂಗು ಇದೆಯೋ ಇಲ್ಲವೋ ಎಂದು ತಾವೇ ಮುಟ್ಟಿ ನೋಡಿಕೊಳ್ಳುತ್ತಾರೆ. ನಮ್ಮದು ಬಯಲು ಸೀಮೆ. ಗಾಳಿ ಎದ್ದರೆ ತಡೆಯುವುದಕ್ಕೆ ಏನೂ ಇಲ್ಲ. ಅದು ನೇರವಾಗಿ ಬಂದು ಎಲುಬಿಗೆ ಕೂರುತ್ತದೆ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಆ ವರ್ಷಗಳಲ್ಲಿ ನಾನು ಒಂದು ದಿನಪತ್ರಿಕೆಗೆ ಹಾವೇರಿ ಜಿಲ್ಲೆಯ ಫೋಟೋಗ್ರಾಫರ್ ಆಗಿದ್ದೆ. ಅಪ್ಪನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತ ಬೆಳೆದವಳು. ಅಪ್ಪ ಹೋದ ಮೇಲೆ ಸ್ಟುಡಿಯೋ ಮುಚ್ಚಿತು, ನಾನು ಬೀದಿಗೆ ಬಂದೆ. ಬೀದಿಗೆ ಬಂದೆ ಎಂದರೆ ಜನ ಅಯ್ಯೋ ಪಾಪ ಅನ್ನುತ್ತಾರೆ, ನನಗಂತೂ ಅದು ಹಬ್ಬವಾಗಿತ್ತು. ಮದುವೆ ಬೇಡವೆಂದು ಕುಳಿತಿದ್ದ ನನಗೆ ಆ ಕೆಲಸವೇ ಮನೆ, ಮಠ ಎಲ್ಲ. ಅಂಥ ಕೆಲಸ ಒಂದು ಚಳಿಗಾಲ ಕೈಬಿಟ್ಟು ಹೋಗುವುದರಲ್ಲಿತ್ತು. ಅದನ್ನು ಹೇಗೆ ಉಳಿಸಿಕೊಂಡೆ ಎಂಬುದನ್ನು ಹೇಳಬೇಕು. ಆದರೆ ಅದಕ್ಕೂ ಮೊದಲು, ನಮ್ಮ ಕಡೆ ಚಳಿಯ ಚಿತ್ರ ತೆಗೆಯುವುದು ಎಂಥ ಪೀಕಲಾಟ ಎಂಬುದು ನಿಮಗೆ ತಿಳಿಯಬೇಕು.

ನನ್ನ ಮೇಲಧಿಕಾರಿ ಇನಾಮದಾರ ಸಾಹೇಬರು ಹುಬ್ಬಳ್ಳಿಯ ಕಚೇರಿಯಲ್ಲಿ ಕೂರುತ್ತಿದ್ದರು. ಥಂಡಿ ಬಿತ್ತೆಂದರೆ ಸಾಕು, ಅವರ ಫೋನು ಬರುತ್ತಿತ್ತು. ಒಂದು ವರ್ಷ ಹಾಗೆ ಫೋನು ಬಂದ ಮರುದಿನವೇ ಕುಪ್ಪೇಲೂರಿಗೆ ಹೋದೆ. ಬಸ್ಸಿಗೆ ಕಾಯುವವರೆಲ್ಲ ತಲೆಯಿಂದ ಮೊಣಕಾಲಿನವರೆಗೆ ಮುಚ್ಚಿಕೊಂಡಿದ್ದರು. ಒಬ್ಬ ಅಜ್ಜ ಮಂಕಿ ಕ್ಯಾಪಿನ ಮೇಲೆ ಟವೆಲ್ ಸುತ್ತಿ, ಅದರ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡು ಬರೀ ಮೂಗು ಹೊರಗಿಟ್ಟಿದ್ದ. ಬಾಯಿಂದ ಹಬೆ ಬರುತ್ತಿತ್ತು. ಇದಕ್ಕಿಂತ ಇನ್ನೇನು ಬೇಕು ಎಂದು ಕ್ಯಾಮೆರಾ ಎತ್ತಿದೆ.

"ತಡಿಯವ್ವಾ," ಎಂದ ಅಜ್ಜ. ಕಂಬಳಿ ತೆಗೆದ, ಟವೆಲ್ ಬಿಚ್ಚಿದ, ಮಂಕಿ ಕ್ಯಾಪ್ ಕಿತ್ತು ಜೇಬಿಗೆ ತುರುಕಿದ. ಅಂಗೈಗೆ ಉಗುಳು ಹಚ್ಚಿ ಕೂದಲು ಕೂಡಿಸಿದ. "ಹಾಂ, ಈಗ ತೆಗಿ."

"ಅಜ್ಜಾ, ಕಂಬಳಿ ಹೊತ್ಕೊಂಡ ಇರ್ರಿ. ಚಳಿ ಕಾಣಬೇಕು."

"ಚಳಿ ಏನ್ ಕಾಣಸೂದು? ಪೇಪರ್‍ನ್ಯಾಗ ಹಂಗ ಬಂದರ ಮುದುಕ ಜಡ್ಡಾಗ್ಯಾನ ಅಂತಾರ ಬೀಗರು."

ಅವನನ್ನು ನೋಡಿ ಉಳಿದವರೂ ಶಾಲು, ಸ್ವೆಟರ್, ಕೌದಿ ಎಲ್ಲ ತೆಗೆದು ಹಿಂದೆ ಮುಚ್ಚಿಟ್ಟುಕೊಂಡರು. ಎಲ್ಲರೂ ಎದೆ ಸೆಟೆಸಿ, ಹಲ್ಲು ಕಟಕಟ ಅನ್ನದಂತೆ ಬಾಯಿ ಬಿಗಿದು ಸಾಲಾಗಿ ನಿಂತರು. ನಮ್ಮ ಕಡೆ ಹೀಗೇ. ಹೊದ್ದುಕೊಂಡು ಫೋಟೋಕ್ಕೆ ನಿಲ್ಲುವುದು ಮರ್ಯಾದೆಯಲ್ಲ. ಚಳಿಯ ಫೋಟೋ ತೆಗೆಯಲು ಹೋದರೆ ಜನ ಮೊದಲು ಚಳಿಯ ಬಟ್ಟೆಯನ್ನೇ ತೆಗೆಯುತ್ತಾರೆ. ಮರುದಿನ ಇನಾಮದಾರ ಸಾಹೇಬರ ಫೋನು ಬಂತು.

"ಏನ್ರೀ ಬಾಯಾರ, ಮಂಜು ಬಿದ್ದದ, ಮಂದಿ ಗಡಗಡ ನಡಗಲಿಕ್ಕತ್ತಾರ ಅಂತ ಫೋಟೋದ ಕೆಳಗ ಬರದೀರಿ. ಫೋಟೋದಾಗ ಎಲ್ಲಾರೂ ಬರೇ ಅಂಗಿ ಮ್ಯಾಲೆ ನಿಂತಾರಲ್ಲ. ಇದು ಚಳಿಗಾಲ ಏನು, ಯುಗಾದಿ ಏನು?"

ಅವರಿಗೆ ಗೊತ್ತಿದ್ದದ್ದು ಒಂದೇ ಉಪಾಯ. ನಾಕು ಮಂದಿಯನ್ನು ಬೆಂಕಿಯ ಮುಂದೆ ಕೂಡಿಸಬೇಕು. ಹಾವೇರಿ ಬಸ್ ಸ್ಟ್ಯಾಂಡಿನ ಹಮಾಲರಿಗೆ ಹೇಳಿ ಹಳೆಯ ರಟ್ಟು ಸುಡಿಸಿ ಅದನ್ನೂ ಮಾಡಿದೆ. ಹೊಗೆಗೆ ಎಲ್ಲರ ಕಣ್ಣಲ್ಲಿ ನೀರು. ಅಚ್ಚಾದ ಚಿತ್ರ ನೋಡಿದರೆ ಯಾರದೋ ಮನೆಯಲ್ಲಿ ಸಾವಾದಂತೆ ಇತ್ತು. ಸಾಹೇಬರಿಗೆ ಮಾತ್ರ ಅದು ಬಹಳ ಸೇರಿತು, ವರ್ಷ ವರ್ಷ ಅದನ್ನೇ ಕೇಳತೊಡಗಿದರು. ನನಗೆ ಆ ಚಿತ್ರವನ್ನು ಕಂಡರೆ ಮೈ ಉರಿಯುತ್ತಿತ್ತು.

ಎಡವಟ್ಟುಗಳಿಗೂ ಕೊರತೆ ಇರಲಿಲ್ಲ. ಹಲಗೇರಿಯ ರಸ್ತೆಯಲ್ಲಿ ಮಾಬುಸಾಬನ ಚಹಾದಂಗಡಿ ಇತ್ತು. ಒಮ್ಮೆ ಬೆಳಗಿನ ಮಂಜಿನಲ್ಲಿ ತಿರುಗಿ ಮರಗಟ್ಟಿದ ಕೈ ಕಾಸಿಕೊಳ್ಳಲು ಒಳಗೆ ಹೋದೆ. ಒಳಗೆ ಒಲೆ, ಕುದಿಯುವ ಚಹಾ, ಹಬೆ. ಕ್ಯಾಮೆರಾ ಹೊರಗೆಲ್ಲ ಅಡ್ಡಾಡಿ ತಣ್ಣಗಾಗಿತ್ತು. ಎರಡು ಗುಟುಕು ಕುಡಿಯುವುದರೊಳಗೆ ಲೆನ್ಸಿನ ಮೇಲೆಲ್ಲ ಬೆವರು. ಸೆರಗಿನಿಂದ ಒರೆಸಿದೆ, ಮತ್ತೆ ಬಂತು. ಮತ್ತೆ ಒರೆಸಿದೆ, ಮತ್ತೆ ಬಂತು. ಅದೇ ಹೊತ್ತಿಗೆ ರಸ್ತೆಯಲ್ಲಿ ಮಂಜಿನೊಳಗಿಂದ ಎತ್ತಿನ ಬಂಡಿಗಳ ಸಾಲು ಬಂತು. ಬಂಡಿಗಳ ಕೆಳಗೆ ತೂಗುವ ಕಂದೀಲು ಇನ್ನೂ ಉರಿಯುತ್ತಿದ್ದವು. ನನ್ನ ಕೈಯಲ್ಲಿ ಕುರುಡು ಕ್ಯಾಮೆರಾ. ಬಂಡಿಗಳು ಬಂದವು, ಹೋದವು.

"ಅಕ್ಕಾರ, ಅದಕ್ಕೂ ಒಂದು ಕಪ್ ಚಾ ಕೊಡ್ಲೇನ್ರಿ?" ಎಂದ ಮಾಬುಸಾಬ.

ಅವತ್ತಿನಿಂದ ನಾನು ಚಳಿಗಾಲದಲ್ಲಿ ಚಹಾ ಕುಡಿದದ್ದೆಲ್ಲ ಅಂಗಡಿಯ ಹೊರಗೆ, ಗಾಳಿಯಲ್ಲಿ ನಿಂತು. ಕ್ಯಾಮೆರಾವನ್ನು ಬೆಚ್ಚಗೆ ಇಡಲೇ ಇಲ್ಲ. ಬ್ಯಾಟರಿಯನ್ನು ಮಾತ್ರ ಎಲೆ ಅಡಿಕೆ ಸಂಚಿಯಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ. ಥಂಡಿಗೆ ಬ್ಯಾಟರಿ ಸುಸ್ತಾಗುತ್ತದೆ, ಮೈಯ ಬಿಸಿ ತಾಗಿದರೆ ಇನ್ನೊಂದಿಷ್ಟು ಹೊತ್ತು ನಡೆಯುತ್ತದೆ. ಪುಸ್ತಕದಲ್ಲಿ ಓದಿದ್ದಲ್ಲ, ಪೆಟ್ಟು ತಿಂದು ಕಲಿತದ್ದು.

ಅಷ್ಟರಲ್ಲಿ ರೀಲಿನ ಕಾಲ ಮುಗಿಯುತ್ತ ಬಂದಿತ್ತು. ಕಚೇರಿಯವರು ನನಗೊಂದು ಡಿಜಿಟಲ್ ಕ್ಯಾಮೆರಾ ಕೊಟ್ಟರು. ತೆಗೆದದ್ದನ್ನು ಅಲ್ಲೇ ನೋಡಬಹುದು ಎಂಬುದೇ ದೊಡ್ಡ ಖುಷಿ. ಆ ಖುಷಿಯ ಹಿಂದೆಯೇ ಕತ್ತರಿ ಬರುತ್ತಿದೆ ಎಂದು ನನಗೆ ಹೊಳೆಯಲಿಲ್ಲ. ಒಂದು ಚಳಿಗಾಲದ ಶುರುವಿನಲ್ಲಿ ಇನಾಮದಾರ ಸಾಹೇಬರು ಹುಬ್ಬಳ್ಳಿಗೆ ಕರೆಸಿದರು. ಕುರ್ಚಿ ತೋರಿಸಿದರು, ಚಹಾ ತರಿಸಿದರು. ಅವರು ಚಹಾ ತರಿಸಿದಾಗಲೇ ಸುದ್ದಿ ಒಳ್ಳೆಯದಲ್ಲ ಎಂದುಕೊಂಡೆ.

"ಬಾಯಾರ, ಮ್ಯಾಲಿನವರು ನಿರ್ಧಾರ ಮಾಡ್ಯಾರ. ವರದಿಗಾರರಿಗೆಲ್ಲಾ ಒಂದೊಂದು ಸಣ್ಣ ಕ್ಯಾಮೆರಾ ಕೊಡ್ತಾರಂತ. ಸಣ್ಣ ಜಿಲ್ಲಾಕ್ಕ ಬ್ಯಾರೆ ಫೋಟೋಗ್ರಾಫರ್ ಬ್ಯಾಡ ಅಂತ."

"ಹಾವೇರಿ ಸಣ್ಣದೇನ್ರಿ?"

"ಅವರಿಗೆ ಸಣ್ಣದ. ಏನ್ ಮಾಡೂದು?"

ನಾನು ಅಳಲಿಲ್ಲ. ಸಿಟ್ಟು ಬಂತು. "ಸಾಹೇಬ್ರ, ವರದಿ ಬರೀವರು ಬರೀಲಿ. ನೋಡೂದು ನನ್ನ ಕೆಲಸ," ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಂಗಾದ್ರ ಕೇಳ್ರಿ. ಮುಂದಿನ ರವಿವಾರ ಚಳಿಗಾಲದ ವಿಶೇಷ ಪುಟ ಬರ್ತದ. ಇಡೀ ಪುಟಾ ತುಂಬುವಂಥಾದ್ದು ಒಂದ ಒಂದು ಫೋಟೋ ತರ್ರಿ. ಅದನ್ನ ಹಿಡಕೊಂಡು ನಾ ಅವರ ಜೋಡಿ ಜಗಳಾ ಮಾಡ್ತೀನಿ. ತರಲಿಲ್ಲಂದ್ರ ನನಗ ಬಾಯಿಲ್ಲ. ಮತ್ತ ಅದ ಬೆಂಕೀ ಫೋಟೋ ತರಬ್ಯಾಡ್ರಿ."

ಬೆಂಕಿ ಫೋಟೋ ಬೇಡ ಎಂದು ಅವರ ಬಾಯಿಂದ ಕೇಳಿ ನಗು ಬರಬೇಕಿತ್ತು. ಬರಲಿಲ್ಲ. ಒಂದು ಚಿತ್ರ ಸಿಕ್ಕರೆ ಕೆಲಸ ಉಳಿಯಿತು, ಸಿಗದಿದ್ದರೆ ಮನೆಗೆ.

ಮೊದಲು ಹಾವೇರಿಯಲ್ಲಿ ಕದ್ದು ತೆಗೆಯಲು ನೋಡಿದೆ. ಜನಕ್ಕೆ ಗೊತ್ತಾಗದಿದ್ದರೆ ಹೊದ್ದದ್ದನ್ನು ತೆಗೆಯುವುದಿಲ್ಲವಲ್ಲ ಎಂಬ ಲೆಕ್ಕ. ಅಂಗಡಿ ಕಟ್ಟೆಯ ಕಂಬದ ಹಿಂದೆ ನಿಂತು, ಹಾಲಿನ ಕ್ಯಾನು ಇಳಿಸುತ್ತಿದ್ದ ಹೆಣ್ಣುಮಗಳೊಬ್ಬಳ ಮೇಲೆ ಕ್ಯಾಮೆರಾ ಹಿಡಿದೆ. ಅವಳು ತಿರುಗಿ ನೋಡಿಯೇಬಿಟ್ಟಳು.

"ಹೆಂಗಸಾಗಿ ಕಳ್ಳರಂಗ ನಿಂತೀರಲ್ರಿ. ಕೇಳಿದ್ರ ಬ್ಯಾಡ ಅಂತಿದ್ನೇನು?"

ಕ್ಯಾಮೆರಾ ಕೆಳಗಿಳಿಸಿ ಬಂದೆ. ನೀವು ಏನೇ ಕಲಿಯದಿದ್ದರೂ ಇದೊಂದು ಕಲಿಯಿರಿ: ಬೀದಿಯಲ್ಲಿ ನಿಲ್ಲುವವರು ಬೀದಿಗೆ ಕಾಣುವಂತೆ ನಿಲ್ಲಬೇಕು. ಮರುದಿನದಿಂದ ನಾನು ಕಾಣುವಂತೆಯೇ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹೋಗಿ ಕುಳಿತೆ.

ಚಳಿಗಾಲವೆಂದರೆ ಬ್ಯಾಡಗಿಯಲ್ಲಿ ಸುಗ್ಗಿ. ಸುತ್ತಲಿನ ಊರುಗಳಿಂದ ಮೆಣಸಿನಕಾಯಿ ಚೀಲ ಬರುತ್ತವೆ. ದಲಾಲಿ ಅಂಗಡಿಗಳ ಮುಂದೆ ಅವುಗಳನ್ನು ಸುರುವಿ ರಾಶಿ ಹಾಕುತ್ತಾರೆ. ಕೊಳ್ಳುವವರು ಬಂದು ರಾಶಿ ನೋಡಿ ದರ ಕಟ್ಟುತ್ತಾರೆ. ಒಂದು ಬದಿಗೆ ಹೆಣ್ಣುಮಕ್ಕಳು ಸಾಲಾಗಿ ಕುಳಿತು ತೊಟ್ಟು ಬಿಡಿಸುತ್ತಿರುತ್ತಾರೆ. ಆ ಗುಂಪಿನ ಮುಖ್ಯಸ್ಥೆ ಗೌರವ್ವ. ದೊಡ್ಡ ದನಿ, ದೊಡ್ಡ ಕುಂಕುಮ, ಹೆಗಲ ಮೇಲೆ ಹಳೆಯ ಸೀರೆಗಳ ಕೌದಿ. ನನ್ನನ್ನು ನೋಡಿದ ಕೂಡಲೇ ಅವಳ ಗುಂಪಿನವರೆಲ್ಲ ಹೊದ್ದದ್ದು ತೆಗೆದು ಸೆರಗು ಸರಿಮಾಡಿಕೊಂಡರು. ನಾನು ಕ್ಯಾಮೆರಾ ಚೀಲದಿಂದ ಹೊರಗೆ ತೆಗೆಯಲೇ ಇಲ್ಲ.

"ಫೋಟೋ ಅಕ್ಕಾರ, ಬಂದ ಕೆಲಸ ಮಾಡ್ರೆಲಾ," ಎಂದಳು ಗೌರವ್ವ.

"ಅವಸರ ಇಲ್ಲವಾ."

"ಹಂಗಾದ್ರ ಕೈ ಬರೇ ಇಟ್ಕೊಂಡು ಕುಂದ್ರಬ್ಯಾಡ್ರಿ. ತೊಟ್ಟ ಮುರೀರಿ. ಕಣ್ಣಿಗೆ ಕೈ ಹಚ್ಚಬ್ಯಾಡ್ರಿ ಮತ್ತ."

ದಿನವೂ ಹೋಗಿ ತೊಟ್ಟು ಮುರಿದೆ. ಸೀನಿದೆ, ಕೆಮ್ಮಿದೆ, ಅವರ ಸೊಸೆಯಂದಿರ ಸುದ್ದಿ ಕೇಳಿದೆ. ದಿನ ಕಳೆದಂತೆ ಅವರು ನನ್ನೆದುರು ಕೌದಿ ಹೊದ್ದು ಕೂರತೊಡಗಿದರು. ನಾಲ್ಕಾರು ಚಿತ್ರ ತೆಗೆದೆ. ಒಳ್ಳೆಯ ಚಿತ್ರಗಳೇ. ಆದರೆ ಪುಟ ತುಂಬುವಂಥದ್ದು ಅಲ್ಲವೆಂದು ನನಗೆ ಗೊತ್ತಿತ್ತು. ಹೊದ್ದುಕೊಂಡವರು ಬೆಚ್ಚಗೇ ಕಾಣುತ್ತಾರೆ, ಚಳಿ ಎಲ್ಲಿ ಕಾಣಬೇಕು? ಶನಿವಾರ ಸಂಜೆಯೊಳಗೆ ಚಿತ್ರ ಹುಬ್ಬಳ್ಳಿ ಮುಟ್ಟಬೇಕು. ಶನಿವಾರ ಬೆಳಗಾಗಿಯೇ ಬಿಟ್ಟಿತು, ನನ್ನ ಹತ್ತಿರ ಏನೂ ಇರಲಿಲ್ಲ.

ಆ ಬೆಳಗ್ಗೆ ಸೂರ್ಯ ಕಾಣಲಿಲ್ಲ. ಸಮುದ್ರದಲ್ಲಿ ವಾಯುಭಾರ ಕುಸಿದಿದೆ ಎಂದು ರೇಡಿಯೋದಲ್ಲಿ ಹೇಳಿದ್ದರಂತೆ. ಮೋಡ ಕವಿದು ಗಾಳಿ ಎದ್ದಿತ್ತು. ಹಿಂದೆಂದೂ ಕಾಣದಂಥ ಥಂಡಿ. ನಾನು ಹೂವಿನ ಅಂಚಿನ ಹಸಿರು ಶಾಲು ಹೊದ್ದು, ಅದರೊಳಗೇ ಕ್ಯಾಮೆರಾ ಮುಚ್ಚಿಕೊಂಡು ಗೌರವ್ವನ ಪಕ್ಕ ಕುಳಿತಿದ್ದೆ. ಕೆಲಸ ಹೋಯಿತೆಂಬ ಚಿಂತೆಯಲ್ಲಿ ಕೈ ಎಲ್ಲಿ ಹೋಗುತ್ತದೆ ಎಂಬ ಖಬರು ಇರಲಿಲ್ಲ. ತೊಟ್ಟು ಮುರಿದ ಬೆರಳಿಂದಲೇ ಬಲಗಣ್ಣು ಉಜ್ಜಿಕೊಂಡುಬಿಟ್ಟೆ. ಇಷ್ಟು ವರ್ಷ ಈ ಜಿಲ್ಲೆಯಲ್ಲಿ ತಿರುಗಿದವಳು ಮಾಡುವ ಕೆಲಸವೇ ಅದು? ಕಣ್ಣಿಗೆ ಕೆಂಡ ಇಟ್ಟಂತಾಯಿತು. ನಾನು ಕ್ಯಾಮೆರಾದೊಳಗೆ ನೋಡುತ್ತಿದ್ದ ಕಣ್ಣೇ ಅದು.

"ಹೇಳಿದ್ನಿಲ್ಲೋ," ಎಂದು ಬೈಯುತ್ತಲೇ ಗೌರವ್ವ ಕಣ್ಣಿಗೆ ನೀರು ಎರಚಿದಳು. ಆ ಹೊತ್ತಿಗೆ ನನ್ನ ಕೈಯ ಮೇಲೆ ಬಿದ್ದ ಹನಿ ಅವಳು ಎರಚಿದ ನೀರಲ್ಲ. ಮೇಲಿಂದ ಬಿದ್ದದ್ದು.

ಪೇಟೆಯ ತುಂಬ ಒಂದೇ ಗದ್ದಲ ಎದ್ದಿತು. ಸುಗ್ಗಿಯಲ್ಲಿ ಯಾರು ಮಳೆ ಕಾಯುತ್ತಾರೆ? ಇದ್ದ ತಾಡಪತ್ರಿಗಳನ್ನು ಹಮಾಲರು ಎಳೆದೆಳೆದು ಹೊದಿಸಿದರು, ಅರ್ಧ ರಾಶಿಗೂ ಸಾಲಲಿಲ್ಲ. ಚೀಲಕ್ಕೆ ತುಂಬಲು ವ್ಯವಧಾನವಿಲ್ಲ. ಗೌರವ್ವ ಎದ್ದವಳೇ ಹೆಗಲ ಮೇಲಿನ ಕೌದಿ ಕಿತ್ತು ಮುಂದಿದ್ದ ರಾಶಿಯ ಮೇಲೆ ಬೀಸಿ ಒಗೆದಳು. "ಏ, ನೋಡಕೋಂತ ನಿಂತೀರೇನು? ಮುಚ್ಚರೆ," ಎಂದು ಕೂಗಿದಳು. ಅವಳ ಹಿಂದೆ ಎಲ್ಲ ಹೆಣ್ಣುಮಕ್ಕಳೂ ತಮ್ಮ ಕೌದಿ ಒಗೆದರು. ಮಾಲು ತಂದ ರೈತರು ಕಂಬಳಿ ಒಗೆದರು. ಹಮಾಲರು ಸ್ವೆಟರ್ ಕಳಚಿದರು. ಅಂಗಡಿಯ ಸಾಹುಕಾರರು ಒಳಗೆ ಓಡಿ, ತಮಗೆ ಸನ್ಮಾನದಲ್ಲಿ ಹೊದಿಸಿದ್ದ ಜರಿಯಂಚಿನ ಶಾಲುಗಳ ಗಂಟನ್ನೇ ತಂದು ಬಿಚ್ಚಿದರು, ಅದೂ ಸಾಲದೆ ಮೈಮೇಲಿನ ಅಂಗಿಯನ್ನೂ ಕಳಚಿ ಹೊದಿಸಿದರು. ಯಾರ ರಾಶಿ ಯಾರದು ಎಂದು ಯಾರೂ ಕೇಳಲಿಲ್ಲ. ಕೆಂಪು ರಾಶಿಗಳೆಲ್ಲ ಬೆಚ್ಚಗೆ ಹೊದ್ದು ಮಲಗಿದವು. ಜನ ಮಾತ್ರ ಹೊದಿಕೆಯಿಲ್ಲದೆ, ಆ ಗಾಳಿಯಲ್ಲಿ, ಅಂಚು ಹಾರದಂತೆ ಕೌದಿಗಳನ್ನು ಒತ್ತಿ ಹಿಡಿದು ನಡುಗುತ್ತ ನಿಂತರು.

ನನ್ನ ಚಳಿ ಅಲ್ಲಿತ್ತು. ಇಷ್ಟು ವರ್ಷ ನಾನು ಅದನ್ನು ಹೊದಿಕೆಯಲ್ಲಿ ಹುಡುಕುತ್ತಿದ್ದೆ.

ಕ್ಯಾಮೆರಾ ಎತ್ತುವಷ್ಟರಲ್ಲಿ ಗೌರವ್ವನ ದನಿ ಬಂತು. "ಅಕ್ಕಾರ, ಆ ಶಾಲು ಒಗೀರಿ ಇಲ್ಲೆ. ಈ ಮೂಲಿ ಬಿಚ್ಚೇತಿ."

"ಕ್ಯಾಮೆರಾ ತೊಯ್ತೈತಿ ಗೌರವ್ವಾ. ಆಫೀಸಿಂದೈತಿ."

"ತೊಯ್ದರ ಒರಸ್ಕೋರಿ. ಮೆಣಸಿನಕಾಯಿ ತೊಯ್ದರ ಕರ್‍ರಗಾಗ್ತೈತಿ, ಯಾರ್ ತೊಗೋತಾರ?"

ಅರೆಗಳಿಗೆ ನಿಂತೆ. ಆ ಕ್ಯಾಮೆರಾ ಕೆಟ್ಟರೆ ಕೆಲಸ ರವಿವಾರದವರೆಗೂ ಕಾಯುವುದಿಲ್ಲ, ಅವತ್ತೇ ಹೋಗುತ್ತದೆ. ಆದರೂ ಶಾಲು ಎಳೆದು ಒಗೆದೆ. ಸಾಹುಕಾರರ ಶಾಲಿನ ಪಕ್ಕದಲ್ಲೇ ಹೋಗಿ ಬಿತ್ತು. ಆಮೇಲೆ ಚೀಲಗಳ ಅಟ್ಟಿಯ ಮೇಲೆ ಹತ್ತಿದೆ. ಬಲಗಣ್ಣು ತೆರೆಯಲು ಬರಲಿಲ್ಲ. ಜನ್ಮದಲ್ಲಿ ಮೊದಲ ಸಲ ಎಡಗಣ್ಣಿಗೆ ಕ್ಯಾಮೆರಾ ಹಚ್ಚಿದೆ. ಎಲ್ಲ ಅಡ್ಡಾದಿಡ್ಡಿ ಕಾಣುತ್ತಿತ್ತು. ಕಾಲು ಗಟ್ಟಿಯಾಗಿ ಊರಿ ಉಸಿರು ಹಿಡಿದು ಒತ್ತಿದೆ, ಮತ್ತೆ ಒತ್ತಿದೆ, ಮತ್ತೆ ಒತ್ತಿದೆ. ಯಾರೂ ನನ್ನ ಕಡೆ ನೋಡಲಿಲ್ಲ. ಯಾರೂ ಸೆರಗು ಸರಿಮಾಡಿಕೊಳ್ಳಲಿಲ್ಲ. ಅಷ್ಟರಲ್ಲಿ ಕ್ಯಾಮೆರಾ ಒಮ್ಮೆ ಕಿರ್ ಎಂದು ನಿಂತುಹೋಯಿತು. ಪರದೆ ಕಪ್ಪಾಯಿತು. ಸಂಚಿಯ ಬ್ಯಾಟರಿ ಹಾಕಿದರೂ ಏಳಲಿಲ್ಲ.

ಮಳೆ ಮುಕ್ಕಾಲು ತಾಸಿನಲ್ಲಿ ನಿಂತಿತು. ರಾಶಿಗಳು ಉಳಿದಿದ್ದವು. ನನ್ನದು ಉಳಿದಿದೆಯೋ ಇಲ್ಲವೋ ನೋಡಲು ದಾರಿಯೇ ಇರಲಿಲ್ಲ. ಚಿತ್ರಗಳಿದ್ದ ಕಾರ್ಡನ್ನು ಕ್ಯಾಮೆರಾದಿಂದ ತೆಗೆದು ಸಂಚಿಗೆ ಹಾಕಿಕೊಂಡು, ಶಾಲು ಕೇಳಲೂ ಮರೆತು, ಸಿಕ್ಕ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆ. ದಾರಿಯುದ್ದಕ್ಕೂ ಒಂದು ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು, "ಯಾರ್ ಹೋದ್ರವಾ?" ಎಂದು ಕೇಳಿದರು. "ಇನ್ನೂ ಗೊತ್ತಿಲ್ರಿ," ಎಂದೆ.

ಇನಾಮದಾರ ಸಾಹೇಬರು ನನ್ನ ಅವತಾರ ನೋಡಿ ಕೈ ಚಾಚಿದರು. ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರು. ಮೊದಲನೆಯ ಚಿತ್ರ ಅಲುಗಿತ್ತು. ಎರಡನೆಯದರಲ್ಲಿ ಲೆನ್ಸಿನ ಮೇಲೆ ಬಿದ್ದ ಹನಿಯೊಂದು ಗೌರವ್ವನ ಮುಖವನ್ನೇ ನುಂಗಿತ್ತು. ಮೂರನೆಯದು ಬಂತು. ಸಾಹೇಬರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

ಬಣ್ಣಬಣ್ಣದ ಹೊದಿಕೆಯ ರಾಶಿಗಳು, ಅಂಚಿನಲ್ಲಿ ಇಣುಕುವ ಕೆಂಪು. ಸುತ್ತ ಹೊದಿಕೆಯಿಲ್ಲದ ಮಂದಿ. ಒಬ್ಬಳು ಗಲ್ಲ ಭುಜಕ್ಕೆ ಒತ್ತಿಕೊಂಡಿದ್ದಾಳೆ. ಒಬ್ಬ ಹಮಾಲನ ತೋಳಿನ ಕೂದಲು ನಿಮಿರಿ ನಿಂತಿವೆ. ಬರೇ ಬನಿಯನ್ ಮೇಲಿದ್ದ ಸಾಹುಕಾರರು ಮೊಣಕಾಲೂರಿ ಎರಡೂ ಕೈಯಿಂದ ಶಾಲು ಒತ್ತಿ ಹಿಡಿದಿದ್ದಾರೆ. ನಡುವೆ ಗೌರವ್ವ, ಬಾಯಿ ತೆರೆದು ಯಾರನ್ನೋ ಬೈಯುತ್ತಿದ್ದಾಳೆ, ಬಾಯಿಂದ ಹಬೆ ಬರುತ್ತಿದೆ.

"ಬಾಯಾರ," ಎಂದರು ಸಾಹೇಬರು, "ಇದರಾಗ ಬೆಂಕಿ ಇಲ್ಲ, ಮಂಜಿಲ್ಲ, ಕಂಬಳಿ ಹೊತ್ತವರೂ ಇಲ್ಲ. ನನಗ ಇಲ್ಲೆ ಕುಂತಲ್ಲೆ ಥಂಡಿ ಹತ್ತಲಿಕ್ಕತ್ತದಲ್ರೀ." ಎದ್ದು ಹೋಗಿ ಕಿಟಕಿ ಮುಚ್ಚಿಯೇ ಬಂದರು. "ಮ್ಯಾಲಿನವರ ಜೋಡಿ ನಾ ಇನ್ನ ಜಗಳಾ ಮಾಡೂದಿಲ್ಲ. ಇದನ್ನ ಕಳಸ್ತೀನಿ, ಸಾಕು."

ರವಿವಾರ ಇಡೀ ಪುಟ ಅದೊಂದೇ ಚಿತ್ರ ಬಂತು. ಸೋಮವಾರ ಮಧ್ಯಾಹ್ನ ಫೋನು ಬಂತು. "ಹಾವೇರಿಗೆ ಸಣ್ಣ ಕ್ಯಾಮೆರಾ ಬರೂದಿಲ್ಲ. ನೀವ ಇರ್ರಿ. ತೊಯ್ದದ್ದನ್ನ ರಿಪೇರಿಗೆ ಕೊಟ್ಟು ಬರ್ರಿ," ಎಂದರು. ನಾನು ಫೋನು ಇಟ್ಟು, ಬಸ್ ಸ್ಟ್ಯಾಂಡಿನ ಮುಂದೆ ಗಿರ್ಮಿಟ್ಟು, ಮಿರ್ಚಿ ಭಜಿ ತರಿಸಿಕೊಂಡು, ಯಾರಿಗೂ ಕೊಡದೆ ಒಬ್ಬಳೇ ಕೂತು ತಿಂದೆ. ಅಷ್ಟು ಸಂತೋಷ ನನಗೆ ಆಮೇಲೆ ಬಂದ ಯಾವ ಪ್ರಶಸ್ತಿಯಿಂದಲೂ ಆಗಲಿಲ್ಲ. ನಿವೃತ್ತಿಯವರೆಗೂ ಜಿಲ್ಲೆಯ ಬೀದಿಗಳು ನನ್ನವೇ ಆಗಿದ್ದವು.

ಆದರೆ ಆ ಪುಟ ಬಂದ ಮೇಲೆ ಬ್ಯಾಡಗಿಗೆ ಹೋಗಲು ಅಳುಕುತ್ತಿದ್ದೆ. ಮುಖ ತೊಳೆದು ನಿಲ್ಲುವ ಮಂದಿ ಅವರು. ಅವರನ್ನು ಕೆದರಿದ ತಲೆಯಲ್ಲಿ, ನಡುಗುವ ಮೈಯಲ್ಲಿ ಊರಿಗೆಲ್ಲ ತೋರಿಸಿಬಿಟ್ಟಿದ್ದೆ. ಹೋದೆ. ಅಂಗಡಿಯಲ್ಲಿ ದೇವರ ಪಟಗಳ ಪಕ್ಕದಲ್ಲಿ ಸಾಹುಕಾರರು ಆ ಪುಟಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು, ತಾವು ಬನಿಯನ್ನಿನಲ್ಲಿ ಇದ್ದದ್ದನ್ನೂ ಲೆಕ್ಕಿಸದೆ. ಅದರ ಮುಂದೆ ಹೆಣ್ಣುಮಕ್ಕಳು ಗುಂಪುಗಟ್ಟಿದ್ದರು. ಗೌರವ್ವ ಬೆರಳು ಇಟ್ಟು ಒಬ್ಬೊಬ್ಬರನ್ನೇ ತೋರಿಸುತ್ತಿದ್ದಳು. ಇದು ಯಲ್ಲವ್ವ, ಇದು ನಾನು, ಇದು ಸಾಹುಕಾರ್ರು. ಕೊನೆಗೆ ಬೆರಳನ್ನು ರಾಶಿಯ ಮೇಲಿನ ಹಸಿರು ಶಾಲಿಗೆ ಸರಿಸಿದಳು.

"ಮತ್ತ ಇವರು ನಮ್ಮ ಫೋಟೋ ಅಕ್ಕಾರು," ಎಂದಳು.

ನನ್ನ ಹೆಸರು ಪುಟದ ಕೆಳಗೆ ಸಣ್ಣಕ್ಷರದಲ್ಲಿ ಇತ್ತು. ಅಲ್ಲಿದ್ದವರಲ್ಲಿ ಯಾರೂ ಅದನ್ನು ಓದಿರಲಿಲ್ಲ, ನಾನೂ ಓದಿ ಎನ್ನಲಿಲ್ಲ.